ಒಂದೇ ಕಡತದಿಂದ ಹೊರಬಂದ ಬಗೆ: ಮೋಜೊಲಿಷಿಯಸ್ ರೂಟ್‌ಗಳೊಡನೆ ನನ್ನ ಅನುಭವ

ಕಚೇರಿಯ ಗ್ರಂಥಾಲಯದಿಂದ ಯಾರು ಯಾವ ಪುಸ್ತಕ ಒಯ್ದಿದ್ದಾರೆ ಎಂದು ನೋಡಿಕೊಳ್ಳಲು ಪರ್ಲ್ ಭಾಷೆಯಲ್ಲಿ ಒಂದು ಪುಟ್ಟ ವೆಬ್ ತಂತ್ರಾಂಶ ಬರೆದಿದ್ದೆ. ಆರಿಸಿಕೊಂಡದ್ದು ಮೋಜೊಲಿಷಿಯಸ್ ಲೈಟ್, ಅಂದರೆ ವೆಬ್ ತಂತ್ರಾಂಶ ಕಟ್ಟಲು ನೆರವಾಗುವ ಮೋಜೊಲಿಷಿಯಸ್ ಎಂಬ ಫ್ರೇಮ್‌ವರ್ಕ್‌ನ ಚಿಕ್ಕ ರೂಪ. ರೂಟ್ (ಯಾವ ವಿಳಾಸಕ್ಕೆ ಯಾವ ಕೆಲಸ ಎಂಬ ನಿಯಮ), ಅದು ಮಾಡಬೇಕಾದ ಕೆಲಸ, ಟೆಂಪ್ಲೇಟ್ (ಪುಟದ ಅಚ್ಚು) ಎಲ್ಲವೂ ಒಂದೇ ಕಡತದಲ್ಲಿ ಕುಳಿತುಕೊಳ್ಳುತ್ತವೆ. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ಆರು ತಿಂಗಳಲ್ಲಿ ಆ ಕಡತ ಒಂಬೈನೂರು ಸಾಲು ದಾಟಿತು.

ಉದ್ದ ನನ್ನನ್ನು ಅಷ್ಟಾಗಿ ಕಾಡಲಿಲ್ಲ, ಕಾಡಿದ್ದು ಅಂಡರ್, ಅಂದರೆ ರೂಟ್‌ಗಿಂತ ಮೊದಲು ಓಡುವ ಕಾವಲು. ಲೈಟ್‌ನಲ್ಲಿ ಲಾಗಿನ್ ಪರೀಕ್ಷೆಗೆ ಅಂಡರ್ ಬರೆದರೆ, ಅದರ ಕೆಳಗೆ ಬರುವ ಎಲ್ಲ ರೂಟ್‌ಗಳಿಗೂ ಆ ಕಾವಲು ಅನ್ವಯಿಸುತ್ತದೆ. ಅದನ್ನು ಒಂದು ಗುಂಪಿಗೆ ಮಾತ್ರ ಸೀಮಿತಗೊಳಿಸಬೇಕಾದರೆ ಗ್ರೂಪ್ ಎಂಬ ಆವರಣದೊಳಗೆ ಇಡಬೇಕು. ಎಲ್ಲರಿಗೂ ತೆರೆದಿರಬೇಕಾದ ಪುಸ್ತಕಪಟ್ಟಿಯ ರೂಟನ್ನು ನಾನು ಕಡತದ ತುದಿಗೆ ಸೇರಿಸಿದೆ. ಅದೂ ಲಾಗಿನ್ ಕೇಳತೊಡಗಿತು. ರೂಟ್‌ನಲ್ಲಿ ತಪ್ಪು ಹುಡುಕುತ್ತಾ ಅರ್ಧ ದಿನ ಕಳೆದೆ. ತಪ್ಪು ಇದ್ದದ್ದು ನಾನೂರು ಸಾಲು ಮೇಲೆ, ಗ್ರೂಪ್ ಇಲ್ಲದೆ ಬರೆದ ಅಂಡರ್‌ನಲ್ಲಿ.

ಅಂದೇ, ಕೋಡ್ ಹಲವು ಕಡತಗಳಲ್ಲಿ ಹಂಚಿಕೊಂಡಿರುವ ಮೋಜೊಲಿಷಿಯಸ್‌ನ ಪೂರ್ಣ ಅಪ್ಲಿಕೇಶನ್‌ಗೆ ಬದಲಾಯಿಸಲು ನಿರ್ಧರಿಸಿದೆ. ಆದರೆ ಕೋಡ್ ಮುಟ್ಟುವ ಮೊದಲು ಮೋಜೊಲಿಷಿಯಸ್‌ನ ಪರೀಕ್ಷಾ ಸಾಧನವಾದ ಟೆಸ್ಟ್‌ಮೋಜೊ ಬಳಸಿ ಪ್ರತಿ ವಿಳಾಸಕ್ಕೂ ಎರಡು ಪರೀಕ್ಷೆ ಬರೆದೆ: ಲಾಗಿನ್ ಆಗಿದ್ದರೆ ಏನು ಸಿಗಬೇಕು, ಆಗಿರದಿದ್ದರೆ ಏನು ಸಿಗಬೇಕು. ಬೇಸರದ ಕೆಲಸವೇ. ಆದರೂ ಇದಿಲ್ಲದೆ ಯಾರೂ ಈ ಬದಲಾವಣೆಗೆ ಕೈಹಾಕಬಾರದು ಎಂದೇ ನನ್ನ ಅಭಿಪ್ರಾಯ.

ನಂತರ ಕಂಟ್ರೋಲರ್‌ಗಳನ್ನು, ಅಂದರೆ ರೂಟ್‌ಗಳ ಕೆಲಸ ಮಾಡುವ ಕೋಡ್‌ನ ಘಟಕಗಳನ್ನು, ಬೇರ್ಪಡಿಸಿದೆ. ಮೊದಲು ಪುಟಕ್ಕೊಂದು ಕಂಟ್ರೋಲರ್ ಮಾಡಿ ನೋಡಿದೆ, ಚೂರುಚೂರಾಯಿತು. ವಸ್ತುವಿಗೊಂದು ಎಂದು ಹಿಡಿದಾಗ ಎಲ್ಲವೂ ಸರಿಹೋಯಿತು: ಪುಸ್ತಕ, ಸದಸ್ಯ, ಎರವಲು, ಜೊತೆಗೆ ಲಾಗಿನ್. ರೂಟ್‌ಗಳನ್ನು ಮಾತ್ರ ಹಂಚಲಿಲ್ಲ. ಎಲ್ಲವೂ ಅಪ್ಲಿಕೇಶನ್ ಶುರುವಾಗುವಾಗ ಓಡುವ ಸ್ಟಾರ್ಟಪ್ ಮೆಥಡ್‌ನಲ್ಲಿ ಒಂದೇ ಕಡೆ, ಮೇಲಿನಿಂದ ಕೆಳಗೆ ಓದುವಂತೆ ಇವೆ. ಈ ಫ್ರೇಮ್‌ವರ್ಕ್ ರೂಪಿಸಿದ ಸೆಬಾಸ್ಟಿಯನ್ ರೀಡೆಲ್ ಅದಕ್ಕೂ ಮುಂಚೆ ಆರಂಭಿಸಿದ್ದ ಕ್ಯಾಟಲಿಸ್ಟ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ವಿಳಾಸದ ವಿವರ ಕಂಟ್ರೋಲರ್‌ನ ಮೆಥಡ್‌ಗಳಿಗೇ ಅಂಟಿಕೊಂಡಿರುತ್ತದೆ. ಅದಕ್ಕೂ ಅದರದೇ ಸೊಗಸಿದೆ. ಆದರೆ ಯಾವ ಬಾಗಿಲಿಗೆ ಬೀಗವಿದೆ ಎಂಬುದು ಒಂದೇ ನೋಟಕ್ಕೆ ಕಾಣಬೇಕೆಂಬುದು ನನ್ನ ಹಟ.

ಪೂರ್ಣ ಅಪ್ಲಿಕೇಶನ್‌ನಲ್ಲಿ ಅಂಡರ್ ಒಂದು ರೂಟನ್ನು ಹಿಂತಿರುಗಿಸುತ್ತದೆ. ಅದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಕಾವಲು ಬೇಕಾದ ರೂಟ್‌ಗಳನ್ನು ಅದಕ್ಕೆ ನೇತುಹಾಕಬೇಕು. ಇಲ್ಲಿ ಸಾಲಿನ ಜಾಗವಲ್ಲ, ತಾಯಿ ಯಾರು ಎಂಬುದು ಕಾವಲನ್ನು ನಿರ್ಧರಿಸುತ್ತದೆ. ನಾನು ಈ ಬಾರಿ ಉಲ್ಟಾ ತಪ್ಪು ಮಾಡಿದೆ: ಪುಸ್ತಕ ಹಿಂತಿರುಗಿಸುವ ರೂಟನ್ನು ಕಾವಲಿಗೆ ಹಾಕುವ ಬದಲು ಕಾವಲಿಲ್ಲದ ಮೂಲ ರೂಟರ್‌ಗೆ ಹಾಕಿಬಿಟ್ಟೆ. ಲಾಗಿನ್ ಇಲ್ಲದೆಯೂ ಅದು ತೆರೆದುಕೊಂಡಿತು. ಮೊದಲೇ ಬರೆದಿಟ್ಟ ಪರೀಕ್ಷೆ ಆ ಕ್ಷಣವೇ ಹಿಡಿಯಿತು. ಇನ್ನೊಂದು ಎಚ್ಚರ: ಅಂಡರ್‌ನ ಕೆಲಸ ನಿಜವಲ್ಲದ ಮೌಲ್ಯ ಕೊಟ್ಟರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಲಾಗಿನ್ ಪುಟಕ್ಕೆ ಕಳುಹಿಸುವ ಹೊಣೆ ನಮ್ಮದೇ.

ಪ್ಲೇಸ್‌ಹೋಲ್ಡರ್‌ಗಳೂ (ವಿಳಾಸದ ಬದಲಾಗುವ ಭಾಗವನ್ನು ಹಿಡಿಯುವ ಗುರುತುಗಳು) ಒಮ್ಮೆ ಕೈಕೊಟ್ಟವು. ಕೋಲನ್ ಹಾಕಿದ ಸಾಮಾನ್ಯ ಪ್ಲೇಸ್‌ಹೋಲ್ಡರ್ ಚುಕ್ಕಿಯನ್ನು ಒಪ್ಪುವುದಿಲ್ಲ. ಮುಖಪುಟದ ಚಿತ್ರಗಳ ಕಡತಹೆಸರಿನಲ್ಲಿ ಚುಕ್ಕಿ ಇರುವುದರಿಂದ ಎಲ್ಲವೂ 404 (ಸಿಗಲಿಲ್ಲ ಎಂಬ ಉತ್ತರ). ಕೋಲನ್ ಬದಲು # ಹಾಕಿದೆ, ಸರಿಹೋಯಿತು. ರೂಟ್‌ಗಳು ಬರೆದ ಕ್ರಮದಲ್ಲೇ ಹೊಂದಿಕೆಯಾಗುತ್ತವೆ. ಹಾಗಾಗಿ ‘ಹೊಸ ಪುಸ್ತಕ’ದ ವಿಳಾಸವನ್ನು ಪುಸ್ತಕದ ಸಂಖ್ಯೆ ಹಿಡಿಯುವ ಪ್ಲೇಸ್‌ಹೋಲ್ಡರ್‌ಗಿಂತ ಮೇಲೆ ಇಟ್ಟೆ. ಸಂಶಯ ಬಂದಾಗಲೆಲ್ಲ ರೂಟ್ಸ್ ಆದೇಶ ಓಡಿಸಿ ಇಡೀ ಪಟ್ಟಿಯನ್ನು ನೋಡುತ್ತೇನೆ.

ಪ್ರತಿ ಕೋರಿಕೆಗೂ ಕಂಟ್ರೋಲರ್ ಹೊಸದಾಗಿ ಹುಟ್ಟುವುದರಿಂದ ಡೇಟಾಬೇಸ್‌ನ ಕೆಲಸವನ್ನು ಮಾಡೆಲ್‌ಗಳಿಗೆ (ಮಾಹಿತಿ ನಿಭಾಯಿಸುವ ಪ್ರತ್ಯೇಕ ಘಟಕಗಳಿಗೆ) ಸಾಗಿಸಿ, ಎಲ್ಲ ಕಡೆಯಿಂದಲೂ ಕರೆಯಬಹುದಾದ ಹೆಲ್ಪರ್ ಮೂಲಕ ಕರೆಯುತ್ತಿದ್ದೇನೆ. ವರದಿಗಳ ಎರಡು ರೂಟ್‌ಗಳಲ್ಲಿ ಮಾತ್ರ ಎಸ್‌ಕ್ಯೂಎಲ್ (ಡೇಟಾಬೇಸ್ ಅನ್ನು ಕೇಳುವ ಭಾಷೆ) ಇನ್ನೂ ಕಂಟ್ರೋಲರ್‌ನೊಳಗೇ ಇದೆ. ಅವನ್ನು ಈ ವಾರ ಎತ್ತಬೇಕು.