ಮನೆಯಲ್ಲೇ ಕೂತು ವಾಯ್ಸ್ ಓವರ್ ಮಾಡೋದು, ಜಿಂಗಲ್ ಹಾಡೋದು ಹೇಗೆ

ವಾಯ್ಸ್ ಓವರ್ (ಜಾಹೀರಾತು, ವಿಡಿಯೋಗೆ ದನಿ ಕೊಡುವ ಕೆಲಸ) ಶುರು ಮಾಡಬೇಕು, ಯಾವ ಮೈಕ್ ತಗೊಳ್ಳಲಿ ಅಂತ ತಿಂಗಳಿಗೆ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಮನೆಯಲ್ಲಿ ಬಟ್ಟೆ ತುಂಬಿರುವ ಮರದ ವಾರ್ಡ್‌ರೋಬ್ ಯಾವ ರೂಮಲ್ಲಿದೆ? ಯಾಕಂದ್ರೆ ಒಳ್ಳೆ ಮೈಕ್ ನಿಮ್ಮ ದನಿಯನ್ನಷ್ಟೇ ಹಿಡಿಯುವುದಿಲ್ಲ, ಗೋಡೆಗೆ ಬಡಿದು ವಾಪಸ್ ಬರುವ ಸದ್ದನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಮೈಕ್ ಬೆಲೆ ಏರಿದಷ್ಟೂ ಕೆಟ್ಟ ರೂಮು ಜಾಸ್ತಿ ಕೇಳಿಸುತ್ತದೆ.

ಹಾಗಾಗಿ ಮೊದಲು ರೂಮು. ಮಧ್ಯೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. ಸದ್ದಿನ ಹಿಂದೆ 'ಟ್ಟಿಂಗ್' ಅಂತ ಬಾಲ ಬಂದರೆ ಅಲ್ಲಿ ರೆಕಾರ್ಡ್ ಮಾಡಬೇಡಿ. ನಾನು ಶುರು ಮಾಡಿದ್ದು ಬೆಂಗಳೂರಿನ ಹನುಮಂತನಗರದ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ, ಹತ್ತು ಬೈ ಹತ್ತು ರೂಮು, ನೆಲಕ್ಕೆ ಟೈಲ್ಸ್, ಎರಡು ಕಡೆ ಕಿಟಕಿ. ವಾರ್ಡ್‌ರೋಬಿನ ಎರಡೂ ಬಾಗಿಲು ತೆಗೆದು, ಕಾಟನ್ ಸೀರೆಗಳನ್ನೆಲ್ಲ ಹ್ಯಾಂಗರಿಗೆ ಹಾಕಿ, ಅದರೊಳಗೆ ಮೈಕ್ ನಿಲ್ಲಿಸಿ, ನನ್ನ ಬೆನ್ನ ಹಿಂದೆ ಅಜ್ಜಿಯ ಕೌದಿಯನ್ನು ಹಗ್ಗದ ಮೇಲೆ ಇಳಿಬಿಟ್ಟೆ. ಬೆನ್ನ ಹಿಂದಿನದು ಮುಖ್ಯ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನ ಸದ್ದನ್ನು ಹಿಡಿಯುತ್ತದೆ, ಅಂದ್ರೆ ನಿಮ್ಮ ಬಾಯಿ, ಅದರ ಹಿಂದೆ ನಿಮ್ಮ ಬೆನ್ನಿನ ಆಚೆಗಿರುವ ಗೋಡೆ. ಕೌದಿಯನ್ನು ಗೋಡೆಗೆ ಒತ್ತಿ ಕಟ್ಟಬೇಡಿ. ಒಂದು ಗೇಣು ಜಾಗ ಬಿಟ್ಟರೆ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ನೆಲಕ್ಕೆ ಜಮಖಾನ ಹಾಸಿ. ಮೊಟ್ಟೆ ಟ್ರೇ ಅಂಟಿಸುವುದು ಬೇಡವೇ ಬೇಡ, ಅಷ್ಟು ತೆಳು ರಟ್ಟು ಏನನ್ನೂ ಹೀರುವುದಿಲ್ಲ. ಕಬ್ಬಿಣದ ಬೀರುವಿನ ಹತ್ತಿರವೂ ನಿಲ್ಲಬೇಡಿ, ಗಟ್ಟಿಯಾಗಿ ಓದಿದರೆ ಅದೂ ಜೊತೆಗೆ ಗುಂಯ್ ಅನ್ನುತ್ತದೆ.

ಕೌದಿಯಿಂದ ಪ್ರತಿಧ್ವನಿ ನಿಲ್ಲುತ್ತದೆ, ಬೀದಿಯ ಸದ್ದು ನಿಲ್ಲುವುದಿಲ್ಲ. ಇವೆರಡೂ ಬೇರೆ ಬೇರೆ ಕಷ್ಟ. ಬೆಂಗಳೂರಲ್ಲಿ ಎರಡನೆಯದಕ್ಕೆ ಗಡಿಯಾರವೇ ಮದ್ದು. ಒಂದು ವಾರ ನಿಮ್ಮ ಬೀದಿಯನ್ನು ಕೇಳಿ, ಬರೆದಿಡಿ. ನಮ್ಮಲ್ಲಿ ಆರೂವರೆಗೆ ಕಸದ ಗಾಡಿಯ ಹಾಡು, ಏಳರಿಂದ ಎಂಟೂವರೆ ಕುಕ್ಕರ್ ವಿಷಲ್ ಮತ್ತು ಸ್ಕೂಲ್ ವ್ಯಾನ್, ಆಮೇಲೆ ಸೊಪ್ಪಿನವರು, ಹತ್ತಕ್ಕೆ ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಮಿಷನ್. ಮಧ್ಯಾಹ್ನ ಒಂದರಿಂದ ಎರಡು ಅವರೆಲ್ಲ ಊಟಕ್ಕೆ ಹೋದಾಗ ಬೀದಿಯೇ ಮಲಗಿದ ಹಾಗಿರುತ್ತದೆ, ಅದು ನನ್ನ ಹೊತ್ತು. ರಾತ್ರಿ ಹತ್ತರ ಮೇಲೆ ಇನ್ನೊಂದು ಕಂತು. ಬೆಳಗಿನ ಜಾವ ಒಳ್ಳೇದು ಅಂತ ಹೇಳುವವರಿದ್ದಾರೆ, ಆದರೆ ಯುಗಾದಿ ಹೊತ್ತಿಗೆ ಕೋಗಿಲೆ ನಾಲ್ಕೂವರೆಗೇ ಶುರು ಮಾಡುತ್ತದೆ. ಆ ಕೂಗನ್ನು ಯಾವ ಸಾಫ್ಟ್‌ವೇರೂ ದನಿ ಕೆಡಿಸದೆ ತೆಗೆಯಲಾರದು.

ರೆಕಾರ್ಡಿಂಗ್‌ಗೆ ಮುಂಚೆ ಫ್ಯಾನ್, ಹಳೇ ಚೋಕಿನ ಟ್ಯೂಬ್‌ಲೈಟು, ಫ್ರಿಜ್ಜು ಮೂರನ್ನೂ ಆಫ್ ಮಾಡಿ. ಫ್ರಿಜ್ ಆಫ್ ಮಾಡಿದ್ದನ್ನು ಮರೆತು ಹಾಲು ಕೆಡುವುದು ಬೇಡ ಅಂದ್ರೆ ಗಾಡಿ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ, ಹೊರಗೆ ಹೊರಟಾಗ ತಾನಾಗಿ ನೆನಪಾಗುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ನಡೆಯುವಾಗ ರೆಕಾರ್ಡಿಂಗಲ್ಲಿ 'ಝುಂ' ಅಂತ ಸದ್ದು ಸೇರುವುದುಂಟು. ಆಗ ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಅದರ ಬ್ಯಾಟರಿ ಮೇಲೇ ಓಡಿಸಿ. ಬಳೆ, ಗೆಜ್ಜೆ, ವಾಚು ತೆಗೆದಿಡಿ. ಮೆತ್ತನೆ ಕಾಟನ್ ಬಟ್ಟೆ ಹಾಕಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಆಡಿಯೋ ಟೆಕ್ನಿಕಾ ಎಟಿ2020 ಥರದ ಒಂದು ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದ್ದು), ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಥರದ ಒಂದು ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್, ಸ್ಟ್ಯಾಂಡ್. ಎಲ್ಲ ಸೇರಿ ಸುಮಾರು 25ರಿಂದ 30 ಸಾವಿರದಲ್ಲಿ ಆಗುತ್ತದೆ. ಕೇಬಲ್ಲು, ಕನೆಕ್ಟರ್ ಎಸ್.ಪಿ. ರೋಡಲ್ಲಿ ಸಿಗುತ್ತದೆ, ಎರಡು ಕೇಬಲ್ ತಗೊಳ್ಳಿ, ಒಂದು ಯಾವತ್ತಾದರೂ ಕೈ ಕೊಡುತ್ತದೆ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನ '48 ವೋಲ್ಟ್' ಬಟನ್ ಒತ್ತಲೇಬೇಕು, ಅದಕ್ಕೆ ಕರೆಂಟ್ ಹೋಗುವುದು ಹಾಗೆ. ಸಾಫ್ಟ್‌ವೇರ್‌ಗೆ ಆಡಾಸಿಟಿ ಉಚಿತ, ಕೆಲಸ ಹೆಚ್ಚಾದ ಮೇಲೆ ರೀಪರ್‌ಗೆ ಹೋಗಬಹುದು. ಬೀದಿಯ ಗಲಾಟೆ ಏನು ಮಾಡಿದರೂ ತಪ್ಪದ ಮನೆಯಾದರೆ ಡೈನಾಮಿಕ್ ಮೈಕ್ ನೋಡಿ. ಅದು ಹತ್ತಿರದ ಬಾಯನ್ನು ಹಿಡಿದು ದೂರದ್ದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ.

ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್ ಸೆಟಿಂಗ್ ಹೀಗಿರಲಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೋ, ವೇವ್ ಫೈಲ್. ವಿಡಿಯೋದವರೆಲ್ಲ ಕೇಳುವುದು ಇದನ್ನೇ. ಮಾತಿನ ಜೋರಾದ ಜಾಗ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗಿರಲಿ, ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಸುಮ್ಮನೆ ನಿಂತಾಗ ಮೀಟರು ಮೈನಸ್ 60ಕ್ಕಿಂತ ಕೆಳಗಿರಬೇಕು. ಪ್ರತಿ ಸಲ ಮೊದಲು 10 ಸೆಕೆಂಡ್ ಏನೂ ಮಾತಾಡದೆ ರೂಮಿನ ಮೌನವನ್ನೇ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಉಸಿರು ಕತ್ತರಿಸಿದ ಜಾಗಕ್ಕೆ ಅದನ್ನು ತುಂಬಬಹುದು.

ಬಾಯಿಗೂ ಮೈಕಿಗೂ ಒಂದು ಗೇಣು. ಮೈಕಿನ ಎದುರಿಗೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತರೆ ಪ, ಬ, ಭ ಬಂದಾಗ ಗಾಳಿ ಮೈಕಿಗೆ ಗುದ್ದುವುದಿಲ್ಲ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಭಾರತ' ಅಂತ ಹೇಳಿ ನೋಡಿ, ಎಲ್ಲಿ ಗಾಳಿ ಬಡಿಯುತ್ತದೋ ಅಲ್ಲಿ ಮೈಕ್ ಇರಬಾರದು.

ಇಷ್ಟರವರೆಗಿನದನ್ನು ಯಾರು ಬೇಕಾದರೂ ಹದಿನೈದು ದಿನದಲ್ಲಿ ಕಲಿಯಬಹುದು. ವರ್ಷಗಟ್ಟಲೆ ಕೆಲಸ ತಂದುಕೊಡುವುದು ನಿಮ್ಮ ಕನ್ನಡ. ಬೆಂಗಳೂರಿನ ಏಜೆನ್ಸಿಗಳಿಂದ ಬರುವ ಸ್ಕ್ರಿಪ್ಟು ಬಹುಪಾಲು ಇಂಗ್ಲಿಷಲ್ಲಿ ಹುಟ್ಟಿ, ಯಾರೋ ಅವಸರದಲ್ಲಿ ಕನ್ನಡಕ್ಕೆ ತಂದದ್ದು. 'ಇಂದೇ ನಿಮ್ಮ ಹತ್ತಿರದ ಶಾಖೆಯನ್ನು ಸಂದರ್ಶಿಸಿ' ಅಂತ ಇರುತ್ತದೆ. ಯಾರಾದರೂ ಹಾಗೆ ಮಾತಾಡ್ತಾರಾ? 'ಇವತ್ತೇ ನಿಮ್ಮ ಹತ್ತಿರದ ಶಾಖೆಗೆ ಬನ್ನಿ' ಅಂದರೆ ಅರ್ಥ ಅದೇ, ಬಾಯಿಗೂ ಹಗುರ. ಆದರೆ ನೀವಾಗಿ ಬದಲಿಸಬೇಡಿ. ಬರೆದದ್ದನ್ನು ಬರೆದ ಹಾಗೇ ಒಂದು ಟೇಕ್ ಓದಿ, ನಿಮ್ಮ ತಿದ್ದುಪಡಿಯದು ಇನ್ನೊಂದು ಟೇಕ್, ಎರಡನ್ನೂ ಕಳಿಸಿ. ನನಗೆ ಹತ್ತರಲ್ಲಿ ಏಳು ಸಲ ಎರಡನೆಯದೇ ಓಕೆ ಆಗಿದೆ. ಆಮೇಲೆ ಅವರೇ ಸ್ಕ್ರಿಪ್ಟನ್ನು ಮೊದಲೇ ತೋರಿಸಿ 'ಸ್ವಲ್ಪ ನೋಡಿಬಿಡಿ' ಅನ್ನುತ್ತಾರೆ. ಆ ನೋಡುವ ಕೆಲಸಕ್ಕೂ ದುಡ್ಡು ಕೇಳಿ, ನಾಚಿಕೆ ಬೇಡ.

ಸಮಯದ ಲೆಕ್ಕವೂ ಕನ್ನಡದ್ದೇ. ಎಫ್‌ಎಂ ರೇಡಿಯೋ ಜಾಹೀರಾತಿನ ಲೆಕ್ಕ ಸೆಕೆಂಡಿನ ಮೇಲೆ, 10, 20, 30 ಹೀಗೆ. ಇಂಗ್ಲಿಷಲ್ಲಿ 30 ಸೆಕೆಂಡಿಗೆ 75 ಪದ ಓದಬಹುದು. ನಮ್ಮಲ್ಲಿ 'ಕೊಂಡುಕೊಳ್ಳುವವರಿಗೆಲ್ಲ' ಅನ್ನುವುದೇ ಒಂದು ಪದ. 50 ಪದ ದಾಟಿದರೆ ಓಡುವ ಹಾಗಾಗುತ್ತದೆ. ಇನ್ನು ಬೆಲೆ. 1,499 ಅಂತ ಕಾಗದದ ಮೇಲೆ ಚಿಕ್ಕದಾಗಿ ಕೂತಿರುತ್ತದೆ, ಬಾಯಲ್ಲಿ 'ಸಾವಿರದ ನಾನೂರ ತೊಂಬತ್ತೊಂಬತ್ತು', ಹನ್ನೆರಡು ಅಕ್ಷರ, ಎರಡು ಸೆಕೆಂಡ್ ಹೋಯ್ತು. ಕೆಲಸ ಒಪ್ಪುವ ಮೊದಲು ಫೋನಿನ ಸ್ಟಾಪ್‌ವಾಚ್ ಹಿಡಿದು ಒಂದು ಸಲ ಗಟ್ಟಿಯಾಗಿ ಓದಿ, ಹೆಚ್ಚಾದರೆ ಆಗಲೇ ಹೇಳಿ.

ಉಚ್ಚಾರಣೆಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಹಾಕಿಕೊಂಡು ಜೊತೆಜೊತೆಗೇ ಓದಿ. ಅ-ಹ, ಲ-ಳ, ನ-ಣ, ಶ-ಷ-ಸ, ಎಲ್ಲಿ ನಾಲಿಗೆ ಜಾರುತ್ತದೋ ರೆಕಾರ್ಡ್ ಮಾಡಿ ಕೇಳಿದರೆ ಗೊತ್ತಾಗುತ್ತದೆ. ಮಹಾಪ್ರಾಣವನ್ನು ಒತ್ತಿ ಒತ್ತಿ ಹೇಳುವುದೂ ತಪ್ಪೇ, ಭಾಷಣದ ಹಾಗಾಗುತ್ತದೆ. ನಮ್ಮ ಮೆಟ್ರೋದಲ್ಲಿ ನಿರೂಪಕಿ ಅಪರ್ಣಾ ಅವರು ಓದಿರುವ ಪ್ರಕಟಣೆಗಳನ್ನು ಗಮನವಿಟ್ಟು ಕೇಳಿ. ಅವರು 2024ರ ಜುಲೈನಲ್ಲಿ ತೀರಿಕೊಂಡರು, ನನಗೆ ಇವತ್ತಿಗೂ ಅವರ ದನಿ ಕೇಳಿದರೆ ಕೈಯಲ್ಲಿರುವ ಫೋನ್ ಕೆಳಗಿಡಬೇಕು ಅನಿಸುತ್ತದೆ. ಎಷ್ಟು ಸ್ಪಷ್ಟ, ಆದರೆ ಎಲ್ಲೂ ಗಟ್ಟಿ ಮಾಡಿಲ್ಲ. ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವ ಸಣ್ಣ ಮಾತನ್ನೂ ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಿದ್ದಾರೆ.

ಈಗ ಜಿಂಗಲ್, ಅಂದ್ರೆ ಜಾಹೀರಾತಿನ ಪುಟ್ಟ ಹಾಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹಾಡುವವರು ಎಡವುವುದು ಇಲ್ಲೇ.

ನಮಗೆ ಬರುವುದು ಸಾಮಾನ್ಯವಾಗಿ ಟ್ರ್ಯಾಕು (ಬರೀ ವಾದ್ಯದ ಸಂಗೀತ), ಅದರ ಮೇಲೆ ಯಾರೋ ಹಿಂದಿಯಲ್ಲೋ ಇಂಗ್ಲಿಷಲ್ಲೋ ಹಾಡಿದ ಮಾದರಿ, ಜೊತೆಗೆ ಕನ್ನಡ ಸಾಲು. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಪದವೇ ಬದಲಾಗುತ್ತದೆ. ಒಂದು ಬಳೆ ಅಂಗಡಿಯ ಜಿಂಗಲ್ ಬಂದಿತ್ತು. ಟ್ಯೂನಿನ ಮೊದಲ ಸ್ವರ ಎರಡು ಬೀಟು ಉದ್ದ. ಅದರ ಮೇಲೆ 'ಬಳೆ' ಇಟ್ಟು ಹಾಡಿದೆ, ಪ್ಲೇ ಮಾಡಿ ಕೇಳಿದರೆ 'ಬಾಳೆ'. ಅಂಗಡಿಯವರು ಬಾಳೆಹಣ್ಣು ಮಾರುವ ಹಾಗೆ! ಟ್ಯೂನ್ ಬದಲಿಸುವ ಹಾಗಿರಲಿಲ್ಲ. ಕೊನೆಗೆ 'ಬ'ವನ್ನು ಬೀಟಿಗಿಂತ ಒಂದು ಚೂರು ಮುಂಚೆ ಚಿಕ್ಕದಾಗಿ ಹಾಡಿ, ಬೀಟಿನ ಮೇಲೆ 'ಳೇ...' ಎಳೆದೆ. ಸರಿಹೋಯ್ತು. ಬೀದಿಯಲ್ಲಿ ಬಳೆಗಾರ ಕೂಗುವುದೂ ಹಾಗೇ ಅಲ್ವಾ, 'ಬಳೇ...' ಅಂತ. ಸೊಪ್ಪಿನವರೂ 'ಸೊಪ್ಪೋ...' ಅನ್ನುತ್ತಾರೆ, 'ಸೋಪು' ಅನ್ನುವುದಿಲ್ಲ. ಪದದ ಕೊನೆ ಎಳೆದರೆ ಕನ್ನಡದ ಕಿವಿ ಒಪ್ಪುತ್ತದೆ, ಮೊದಲ ಹ್ರಸ್ವ ಎಳೆದರೆ ಒಪ್ಪುವುದಿಲ್ಲ. ಸಾಲು ಕೈಗೆ ಬಂದ ತಕ್ಷಣ ಲಘು ಎಲ್ಲಿ, ಗುರು ಎಲ್ಲಿ ಅಂತ ಪೆನ್ಸಿಲಲ್ಲಿ ಗುರುತು ಹಾಕಿಕೊಳ್ಳಿ. ಸ್ಕೂಲಲ್ಲಿ ಕಲಿತ ಛಂದಸ್ಸು ದುಡ್ಡು ತರುವುದು ಇಲ್ಲಿ.

ನೀವೇ ಟ್ಯೂನ್ ಮಾಡುವುದಾದರೆ ಟೆಂಪೋವನ್ನು, ಅಂದ್ರೆ ಹಾಡಿನ ವೇಗವನ್ನು, ಸೆಕೆಂಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ನಿಮಿಷಕ್ಕೆ 128 ಬೀಟಿಟ್ಟು ನಾಲ್ಕು ಬೀಟಿನ ಬಾರ್ ಮಾಡಿದರೆ 16 ಬಾರಿಗೆ ಸರಿಯಾಗಿ 30 ಸೆಕೆಂಡ್. ನಿಧಾನದ ಹಾಡಾದರೆ 96 ಬೀಟು, 12 ಬಾರು, ಅದೂ 30. ಕೊನೆಯ ಎರಡು ಬಾರನ್ನು ಹಾಡಿಲ್ಲದೆ ಖಾಲಿ ಬಿಡಿ, ಅಂಗಡಿಯ ಹೆಸರು, ವಿಳಾಸ ಹೇಳಲು ಜಾಗ ಬೇಕೇ ಬೇಕು.

ಹಾಡುವಾಗ ಹೆಡ್‌ಫೋನಿನ ಒಂದು ಕಿವಿ ತೆಗೆದು ಹಾಡುವ ಅಭ್ಯಾಸವಿದ್ದರೆ ತೆಗೆದ ಕಡೆಯ ಸದ್ದನ್ನು ಬಂದ್ ಮಾಡಿ, ಇಲ್ಲದಿದ್ದರೆ ಟ್ರ್ಯಾಕಿನ ಸದ್ದು ಮೈಕಿಗೆ ಸೋರುತ್ತದೆ. ಮುಖ್ಯ ಸಾಲನ್ನು ಒಮ್ಮೆ ಹಾಡಿದ ಮೇಲೆ ಅದನ್ನೇ ಇನ್ನೆರಡು ಸಲ ಬೇರೆ ಬೇರೆ ಹಾಡಿ, ಕಾಪಿ ಪೇಸ್ಟ್ ಮಾಡಬೇಡಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟಾಗ ಆ ಸಣ್ಣ ವ್ಯತ್ಯಾಸವೇ ದನಿಯನ್ನು ತುಂಬಿಕೊಡುವುದು. ಕಳಿಸುವಾಗ ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಇಲ್ಲದ ಒಣ ದನಿ ಕಳಿಸಿ, ಎಲ್ಲ ಫೈಲೂ ಟ್ರ್ಯಾಕಿನ ಮೊದಲ ಸೆಕೆಂಡಿನಿಂದಲೇ ಶುರುವಾಗಲಿ, ಮಿಕ್ಸ್ ಮಾಡುವವರು ಮುಂದಿನ ಕೆಲಸಕ್ಕೂ ನಿಮ್ಮನ್ನೇ ಕರೆಯುತ್ತಾರೆ.

ಹಾಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯ ಗುರುಗುರು ಮೈಕಿಗೆ ಕೇಳಿಸುತ್ತದೆ. ಕಾಫಿ ಮಾತ್ರ ಕೆಲಸ ಮುಗಿದ ಮೇಲೆ, ಹಾಲಿನ ಜಿಗುಟು ಬಾಯಲ್ಲಿ ಚಟ್ ಚಟ್ ಅನ್ನುತ್ತದೆ. ಬೆಚ್ಚಗಿನ ನೀರು ಪಕ್ಕದಲ್ಲಿರಲಿ.

ಕೆಲಸ ಎಲ್ಲಿಂದ? ಜಾಹೀರಾತು ಒಂದೇ ಅಲ್ಲ. ಕಂಪನಿಗಳ ತರಬೇತಿ ವಿಡಿಯೋ, ಫೋನಿನಲ್ಲಿ 'ಕನ್ನಡಕ್ಕಾಗಿ ಒಂದನ್ನು ಒತ್ತಿ', ಆಸ್ಪತ್ರೆಯ ಪ್ರಕಟಣೆ, ಆ್ಯಪ್‌ಗಳು, ಕಥೆ ಓದುವುದು, ಚುನಾವಣೆ ಬಂದಾಗ ಪ್ರಚಾರದ ಆಟೋ. ಕೊನೆಯದಕ್ಕೆ ಪೂರ್ತಿ ದುಡ್ಡು ಮೊದಲೇ ತಗೊಳ್ಳಿ. ನಿಮ್ಮ ದನಿಯ ಮಾದರಿಯಾಗಿ ಕಳಿಸುವ ಡೆಮೋ ಒಂದು ನಿಮಿಷ ಸಾಕು, ಮೊದಲ ಹತ್ತು ಸೆಕೆಂಡಲ್ಲೇ ನಿಮ್ಮ ಅತಿ ಒಳ್ಳೆಯದು ಇರಲಿ, ಓದಿದ್ದು ಬೇರೆ ಫೈಲು, ಹಾಡಿದ್ದು ಬೇರೆ ಫೈಲು. ನಿಮ್ಮದು ಧಾರವಾಡದ ಕನ್ನಡವೋ ಮಂಗಳೂರಿನದೋ ಆಗಿದ್ದರೆ ಅದನ್ನು ಅಳಿಸಿಹಾಕಬೇಡಿ, ಅದರದ್ದೇ ಒಂದು ಡೆಮೋ ಮಾಡಿ. ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ದುಡ್ಡಿನ ಮಾತಾಡುವಾಗ ಮೂರು ಪ್ರಶ್ನೆ ಬಿಡಬೇಡಿ. ಎಲ್ಲಿ ಹಾಕ್ತೀರಾ, ಎಷ್ಟು ದಿನ, ಎಷ್ಟು ಊರು? ಒಬ್ಬರಿಗೆ ಬೆಂಗಳೂರಿನ ಎಫ್‌ಎಂಗೆ ಮಾತ್ರ ಅಂತ ಬಾಯಿಮಾತಲ್ಲಿ ಒಪ್ಪಿ ಹಾಡಿಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಅತ್ತೆ ಫೋನ್ ಮಾಡಿ, ನಿನ್ನ ಹಾಡು ಟಿವಿಯಲ್ಲಿ ಬರ್ತಿದೆಯಲ್ಲೇ ಅಂದರು. ಕೇಳಲು ನನ್ನ ಹತ್ತಿರ ಒಂದು ಸಾಲಿನ ಬರಹವೂ ಇರಲಿಲ್ಲ. ತುಂಬಾ ನೋವಾಯಿತು. ಈಗ ಎರಡೇ ಸಾಲಿನ ಇಮೇಲ್ ಆದರೂ ಸರಿ, ಮಾಧ್ಯಮ, ಅವಧಿ, ಊರು ಬರೆಸಿಕೊಂಡೇ ಮೈಕ್ ಆನ್ ಮಾಡುತ್ತೇನೆ. ಅದರಲ್ಲೇ ಇನ್ನೊಂದು ಸಾಲು ಸೇರಿಸಿ, ಈ ದನಿಯನ್ನು ಎಐ ತರಬೇತಿಗಾಗಲಿ, ನಕಲು ದನಿ ಮಾಡಲಿಕ್ಕಾಗಲಿ ಬಳಸುವಂತಿಲ್ಲ ಅಂತ. ಅದಕ್ಕೇ ಬೇಕು ಅನ್ನುವವರೂ ಬರುತ್ತಾರೆ. ಒಪ್ಪುವುದು ಬಿಡುವುದು ನಿಮ್ಮಿಷ್ಟ, ಆದರೆ ಅದು ಬೇರೆ ಕೆಲಸ, ಬೇರೆ ರೇಟು.

ಕಂಪನಿಗಳು ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ, ಪ್ಯಾನ್ ನಂಬರ್ ಬಿಲ್ಲಿನಲ್ಲೇ ಹಾಕಿ, ರಿಟರ್ನ್ಸ್ ಹಾಕುವಾಗ ಲೆಕ್ಕ ಹೊಂದಿಸಿಕೊಳ್ಳಿ. ವರ್ಷದ ಬಿಲ್ಲು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದನ್ನೂ ಮೊದಲೇ ಹೇಳಿ. ನನ್ನ ತಪ್ಪಾದರೆ ಎಷ್ಟು ಸಲವಾದರೂ ಪುಕ್ಕಟೆ, ಸ್ಕ್ರಿಪ್ಟ್ ಬದಲಾದರೆ ದುಡ್ಡು.

ಈ ತಿದ್ದುಪಡಿ ಒಂದೂವರೆ ತಿಂಗಳಾದ ಮೇಲೂ ಬರುತ್ತದೆ, ಒಂದೇ ಒಂದು ಸಾಲು, ಬೆಲೆ ಬದಲಾಗಿದೆ ಅಂತ. ಆಗ ಹಳೆಯ ಓದಿನ ಮಧ್ಯೆ ಹೊಸ ಸಾಲು ಕೂತದ್ದು ಗೊತ್ತಾಗಬಾರದು. ಹಾಗಾಗಿ ಪ್ರತಿ ಕೆಲಸಕ್ಕೂ ಗೇನ್ (ಇಂಟರ್‌ಫೇಸಿನಲ್ಲಿ ಮೈಕಿನ ಸದ್ದಿನ ಮಟ್ಟ) ಎಷ್ಟಿತ್ತು, ಮೈಕ್ ಎಷ್ಟು ದೂರ, ನಿಂತಿದ್ದೆನಾ ಕೂತಿದ್ದೆನಾ, ಮಧ್ಯಾಹ್ನವಾ ರಾತ್ರಿಯಾ ಅಂತ ಒಂದು ಚೀಟಿಯಲ್ಲಿ ಬರೆದು ವಾರ್ಡ್‌ರೋಬ್ ಬಾಗಿಲಿನ ಒಳಗಡೆ ಅಂಟಿಸುತ್ತೇನೆ. ಬೆಳಗ್ಗೆ ದನಿ ದಪ್ಪ ಇರುತ್ತದೆ, ಆದ್ದರಿಂದ ಹೊತ್ತೂ ಅದೇ ಆಗಬೇಕು. ಹಳೇ ಫೈಲಿನ ಹಿಂದಿನ ಎರಡು ಸಾಲನ್ನು ಹೆಡ್‌ಫೋನಲ್ಲಿ ಕೇಳುತ್ತಾ, ಅದರ ಜೊತೆಗೇ ಬಾಯಿ ಆಡಿಸುತ್ತಾ, ಆ ಓಟದಲ್ಲೇ ಹೊಸ ಸಾಲಿಗೆ ಇಳಿಯಿರಿ.