ಕಾಫ್ಕಾನ ಪ್ರಭಾವವನ್ನು ಗುರುತಿಸುವುದು ಹೇಗೆ?

ಜರ್ಮನ್ ಭಾಷೆಯಲ್ಲಿ ಬರೆದ ಪ್ರಾಗ್‌ನ ಲೇಖಕ ಫ್ರಾನ್ಸ್ ಕಾಫ್ಕಾ 1924ರಲ್ಲಿ ತೀರಿಕೊಂಡಾಗ ಅವನ ಮೂರು ಕಾದಂಬರಿಗಳಲ್ಲಿ ಒಂದೂ ಪೂರ್ಣವಾಗಿ ಪ್ರಕಟವಾಗಿರಲಿಲ್ಲ. ಆದರೂ ಅವನ ನಂತರ ಬಂದ ಕಥನಸಾಹಿತ್ಯವನ್ನು ಅವನನ್ನು ಬಿಟ್ಟು ಅರ್ಥಮಾಡಿಕೊಳ್ಳುವುದು ಕಷ್ಟ. ಈ ಪ್ರಭಾವವನ್ನು ಹುಡುಕುವವರು ಸಾಮಾನ್ಯವಾಗಿ ಹುಳುವಾದ ಮನುಷ್ಯ, ನಿಗೂಢ ನ್ಯಾಯಾಲಯ, ಕೊನೆಯಿಲ್ಲದ ಕಚೇರಿ ಇವುಗಳನ್ನೇ ಅರಸುತ್ತಾರೆ. ಅವೆಲ್ಲ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸಾಮಗ್ರಿ. ಆಳವಾದ ಪ್ರಭಾವವಿರುವುದು ನಿರೂಪಣೆಯ ಧಾಟಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲು 1915ರಲ್ಲಿ ಪ್ರಕಟವಾದ ಅವನ ‘ರೂಪಾಂತರ’ ಕಥೆಯನ್ನು ನಿಧಾನವಾಗಿ ಓದಿ, ಅದರ ದನಿಯನ್ನು ಕಿವಿಗೆ ರೂಢಿಸಿಕೊಳ್ಳಬೇಕು. ಗ್ರೆಗರ್ ಸಾಮ್ಸಾ ಬೆಳಿಗ್ಗೆ ಎದ್ದಾಗ ಹುಳುವಾಗಿರುತ್ತಾನೆ, ಆದರೆ ಬಹುಬೇಗ ಅವನ ಚಿಂತೆಯೆಲ್ಲ ತಪ್ಪಿಹೋದ ಐದು ಗಂಟೆಯ ರೈಲಿನ ಮೇಲೆ, ಕೆಲಸದ ಮೇಲೆ ನಿಲ್ಲುತ್ತದೆ. ಹೀಗೇಕಾಯಿತೆಂದು ಕಥೆ ಎಲ್ಲಿಯೂ ವಿವರಿಸುವುದಿಲ್ಲ. ನಂಬಲಾಗದ ಸಂಗತಿಯನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಉಳಿದದ್ದನ್ನೆಲ್ಲ ವರದಿಯ ಶಾಂತ, ನಿಖರ ಭಾಷೆಯಲ್ಲಿ ಹೇಳುತ್ತ ಹೋಗುತ್ತದೆ. ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ 1908ರಿಂದ 1922ರವರೆಗೆ ಕೆಲಸ ಮಾಡಿದ ಕಾಫ್ಕಾ, ಮರ ಹೆರೆಯುವ ಯಂತ್ರಗಳಿಂದಾಗುವ ಅಪಘಾತಗಳ ಬಗ್ಗೆಯೂ ಇಂಥದೇ ಖಚಿತತೆಯಿಂದ ವರದಿ ಬರೆದಿದ್ದ ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಮುಂದಿನ ಹೆಜ್ಜೆ, ನಂತರದ ಲೇಖಕರ ಸ್ವಂತ ಹೇಳಿಕೆಗಳನ್ನು ಹುಡುಕುವುದು. ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ವಿದ್ಯಾರ್ಥಿಯಾಗಿದ್ದಾಗ ‘ರೂಪಾಂತರ’ದ ಮೊದಲ ವಾಕ್ಯ ಓದಿ, ಹೀಗೂ ಬರೆಯಬಹುದೇ ಎಂದು ಬೆರಗಾಗಿದ್ದನ್ನು ಹೇಳಿಕೊಂಡಿದ್ದಾರೆ. ವಿಚಿತ್ರ ಸಂಗತಿಗಳನ್ನು ಸಹಜವಾಗಿ ಹೇಳುತ್ತಿದ್ದ ತಮ್ಮ ಅಜ್ಜಿಯ ಧಾಟಿಯೇ ಅವರಿಗೆ ಅಲ್ಲಿ ಕೇಳಿಸಿತು. ಅವರ ಮಹಾಕಾದಂಬರಿ ‘ನೂರು ವರ್ಷಗಳ ಏಕಾಂತ’ ಕಾಫ್ಕಾನ ಕೃತಿಗಳನ್ನು ಹೊರನೋಟಕ್ಕೆ ಹೋಲುವುದೇ ಇಲ್ಲ. ಅನುಕರಣೆಗಿಂತ, ಹೀಗೂ ಬರೆಯಬಹುದೆಂಬ ಇಂಥ ಬಿಡುಗಡೆಯನ್ನೇ ನಾನು ದೊಡ್ಡ ಪ್ರಭಾವವೆಂದು ತಿಳಿಯುತ್ತೇನೆ.

ಲೇಖಕರು ಓದಿದ್ದು ಯಾವ ಪಠ್ಯವನ್ನು ಎಂಬುದನ್ನೂ ವಿಚಾರಿಸಬೇಕು. ಹಸ್ತಪ್ರತಿಗಳನ್ನು ಸುಡಬೇಕೆಂಬ ಕಾಫ್ಕಾನ ಕೋರಿಕೆಯನ್ನು ಮೀರಿ ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ 1925ರಲ್ಲಿ ‘ವಿಚಾರಣೆ’ ಕಾದಂಬರಿಯನ್ನು ಪ್ರಕಟಿಸಿದಾಗ ಅಧ್ಯಾಯಗಳ ಕ್ರಮವನ್ನು ತಾನೇ ನಿರ್ಧರಿಸಿದ. ಬ್ರಾಡ್ ಮತ್ತು ಕಾದಂಬರಿಗಳ ಮೊದಲ ಇಂಗ್ಲಿಷ್ ಅನುವಾದಕರಾದ ಮ್ಯೂರ್ ದಂಪತಿ ಧಾರ್ಮಿಕ ಅರ್ಥಕ್ಕೆ ಒತ್ತು ಕೊಟ್ಟರು. ದಶಕಗಳ ಕಾಲ ಅನೇಕರಿಗೆ ದೊರೆತದ್ದು ಹೀಗೆ ಸೋಸಿ ಬಂದ ಕಾಫ್ಕಾ.

ಕೊನೆಯದಾಗಿ, ಹೋಲಿಕೆಯನ್ನೆಲ್ಲ ಪ್ರಭಾವವೆಂದು ಕರೆಯುವ ಆತುರ ಬೇಡ. ಕಾಫ್ಕಾನನ್ನು ಓದಿದ ಮೇಲೆ ಅವನಿಗಿಂತ ಹಿಂದಿನವರಲ್ಲೂ ಅವನ ಛಾಯೆ ಕಾಣತೊಡಗುತ್ತದೆಂದು ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1951ರ ಪ್ರಬಂಧವೊಂದರಲ್ಲಿ ತೋರಿಸಿದ್ದಾರೆ. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನನ್ನು ‘ವಿಚಾರಣೆ’ಯ ಯೋಸೆಫ್ ಕೆ.ಯ ಪಕ್ಕದಲ್ಲಿಟ್ಟು ನೋಡುವಾಗಲೂ ಈ ಎಚ್ಚರವಿರಲಿ. ಆರೋಪದ ಅಸ್ಪಷ್ಟತೆ ಎರಡರಲ್ಲೂ ಇದೆ ಎಂದು ಬರೆದುಕೊಂಡು ನಿಲ್ಲಿಸದೆ, ಎರಡರಿಂದಲೂ ಒಂದೊಂದು ಪುಟವನ್ನು ಆರಿಸಿ, ಪಾತ್ರದ ಭಯವನ್ನು ನಿರೂಪಕ ಎಷ್ಟು ಹತ್ತಿರದಿಂದ ಹೇಳುತ್ತಾನೆ, ಎಲ್ಲಿ ವಿವರಣೆ ಕೊಡುತ್ತಾನೆ, ಎಲ್ಲಿ ಸುಮ್ಮನಾಗುತ್ತಾನೆ ಎಂಬುದನ್ನು ವಾಕ್ಯ ವಾಕ್ಯವಾಗಿ ಗುರುತು ಹಾಕಿಕೊಳ್ಳಿ.