ಸಂಬಳದ ಮಿತಿ ಇಳಿದ ವರ್ಷ ತಂಡಗಳ ಲೆಕ್ಕ ಓದುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಮಾರ್ಚ್ ಎಂದರೆ ಆಟಗಾರರು ಊರು ಬದಲಿಸುವ ತಿಂಗಳು. ಕರಾರು ಮುಗಿದವರು ಫ್ರೀ ಏಜೆಂಟ್ ಆಗಿ ಹೊಸ ತಂಡ ಹುಡುಕುತ್ತಾರೆ. ಕರಾರು ಇರುವವರನ್ನು ತಂಡಗಳೇ ಟ್ರೇಡ್ ಮಾಡುತ್ತವೆ, ಅಂದರೆ ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಏನಾದರೂ ಪಡೆಯುತ್ತವೆ, ಇಲ್ಲವೇ ಕೈಬಿಡುತ್ತವೆ. ಸುದ್ದಿಯ ಸಾಲಿನಲ್ಲಿ ಕಾಣುವ ದೊಡ್ಡ ಮೊತ್ತಗಳನ್ನು ನಂಬಿ ಕೂತರೆ ಒಳಗೆ ಏನಾಗುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ಯಾರಿಗೆ ಎಷ್ಟು ಕೊಡಬಹುದು ಎಂಬುದನ್ನು ನಿರ್ಧರಿಸುವುದು ಸ್ಯಾಲರಿ ಕ್ಯಾಪ್, ಅಂದರೆ 32 ತಂಡಗಳಿಗೂ ಒಂದೇ ಆಗಿರುವ ಸಂಬಳದ ಮಿತಿ. 1994ರಲ್ಲಿ 3.46 ಕೋಟಿ ಡಾಲರ್‌ನಿಂದ ಶುರುವಾದ ಈ ಮಿತಿ ಬಹುತೇಕ ಏರುತ್ತಲೇ ಬಂದಿದೆ. ಅದು ಏರುವಾಗ ಕೆಟ್ಟ ಕರಾರುಗಳೂ ಮುಚ್ಚಿಹೋಗುತ್ತವೆ. ಇಳಿದಾಗ ಮಾತ್ರ ಎಲ್ಲವೂ ಬಯಲಿಗೆ ಬರುತ್ತದೆ. 2021ರಲ್ಲಿ ಹಾಗೆ ಆಯಿತು. ಆ ವರ್ಷವನ್ನೇ ಪಾಠವಾಗಿಟ್ಟುಕೊಂಡು ಈ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸೋಣ.

1. ಮೊದಲು ಇಳಿಕೆ ಎಷ್ಟು ಎಂದು ಗುರುತು ಹಾಕಿಕೊಳ್ಳಿ

ಲೀಗ್‌ನ ಆದಾಯದಲ್ಲಿ ಆಟಗಾರರಿಗೆ ಇಂತಿಷ್ಟು ಪಾಲು ಎಂದು ಆಟಗಾರರ ಸಂಘ ಮತ್ತು ತಂಡಗಳ ಮಾಲೀಕರ ಒಪ್ಪಂದವಿದೆ. ಮಿತಿ ಹುಟ್ಟುವುದು ಅಲ್ಲಿಂದ. ಕೋವಿಡ್ ಕಾಲದ 2020ರ ಋತುವಿನಲ್ಲಿ ಕ್ರೀಡಾಂಗಣಗಳು ಖಾಲಿ ಹೊಡೆದವು, ಟಿಕೆಟ್ ಹಣ ಬರಲಿಲ್ಲ. ನಷ್ಟವನ್ನೆಲ್ಲ ಒಂದೇ ವರ್ಷದ ಮೇಲೆ ಹೇರಿದರೆ ತಂಡಗಳು ಕುಸಿಯುತ್ತವೆಂದು, ಮುಂದಿನ ವರ್ಷದ ಮಿತಿ 17.5 ಕೋಟಿ ಡಾಲರ್‌ಗಿಂತ ಕೆಳಗೆ ಹೋಗಬಾರದು ಎಂದು 2020ರ ಜುಲೈನಲ್ಲೇ ಇಬ್ಬರೂ ಒಪ್ಪಿಕೊಂಡರು. ಕೊನೆಗೆ 2021ರ ಮಾರ್ಚ್‌ನಲ್ಲಿ ನಿಗದಿಯಾದದ್ದು 18.25 ಕೋಟಿ. ಹಿಂದಿನ ವರ್ಷ 19.82 ಕೋಟಿ ಇತ್ತು. ಎಂಟು ಶೇಕಡಾ ಇಳಿಕೆ ಎಂದರೆ ಸಣ್ಣದೆನಿಸಬಹುದು. ಆದರೆ ಎಲ್ಲ ತಂಡಗಳೂ ಮಿತಿ ಏರುತ್ತದೆ ಎಂದು ನಂಬಿಯೇ ಕರಾರು ಬರೆದಿದ್ದವು. ಹಾಗಾಗಿ ನಿಜವಾದ ಕೊರತೆ ಕಾಗದದ ಮೇಲಿನ 1.57 ಕೋಟಿಗಿಂತ ದೊಡ್ಡದಾಗಿತ್ತು.

2. ಕೈಗೆ ಬರುವ ಹಣ ಬೇರೆ, ಲೆಕ್ಕಕ್ಕೆ ಬರುವ ಹಣ ಬೇರೆ

ಇಡೀ ವಿಷಯದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಐಪಿಎಲ್ ನೋಡುವವರಿಗೆ ಮಿತಿ ಎಂಬುದು ಹೊಸದಲ್ಲ. 2025ರ ಮೆಗಾ ಹರಾಜಿಗೆ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿ ಇತ್ತು. ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನು 37 ಕೋಟಿಗೆ ಉಳಿಸಿಕೊಂಡ ಆರ್‌ಸಿಬಿ 83 ಕೋಟಿ ಹಿಡಿದು ಹರಾಜಿಗೆ ಬಂತು. ಅಲ್ಲಿ ಕಳೆಯುವ ಲೆಕ್ಕ ಗೊತ್ತಿದ್ದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಭಾಗಾಕಾರವೂ ಬೇಕು. ಆಟಗಾರ ಸಹಿ ಹಾಕುವಾಗ ಕೊಡುವ ಬೋನಸ್ ಪೂರ್ತಿಯಾಗಿ ಅವನ ಕೈಸೇರಿದರೂ, ಮಿತಿಯ ಲೆಕ್ಕದಲ್ಲಿ ಅದನ್ನು ಕರಾರಿನ ವರ್ಷಗಳಿಗೆ, ಹೆಚ್ಚೆಂದರೆ ಐದು ವರ್ಷಕ್ಕೆ, ಸಮನಾಗಿ ಹಂಚಬಹುದು. ಕರಾರು ಚಿಕ್ಕದಾಗಿದ್ದರೆ ಹೆಸರಿಗೆ ಮಾತ್ರ ಇರುವ ಒಂದೆರಡು ವರ್ಷಗಳನ್ನು ಬಾಲಕ್ಕೆ ಕಟ್ಟುತ್ತಾರೆ. ಆ ವರ್ಷಗಳಲ್ಲಿ ಆಟಗಾರ ಆಡುವುದಿಲ್ಲ, ಅವು ತಾವಾಗಿಯೇ ರದ್ದಾಗುತ್ತವೆ. ಇವಕ್ಕೆ ವಾಯ್ಡ್ ಇಯರ್ ಎನ್ನುತ್ತಾರೆ.

ಡಲ್ಲಾಸ್ ಕೌಬಾಯ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಡ್ಯಾಕ್ ಪ್ರೆಸ್ಕಾಟ್ ಉದಾಹರಣೆ ನೋಡಿ. ಅವನನ್ನು ಒಂದು ವರ್ಷದ ಮಟ್ಟಿಗೆ ಕಟ್ಟಿಹಾಕುವ ಫ್ರ್ಯಾಂಚೈಸ್ ಟ್ಯಾಗ್‌ನಲ್ಲೇ ಆಡಿಸಿದ್ದರೆ 2021ರ ಲೆಕ್ಕಕ್ಕೆ 3.77 ಕೋಟಿ ಡಾಲರ್ ಬೀಳುತ್ತಿತ್ತು. ತಂಡ ಅದರ ಬದಲು ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಕೊಟ್ಟಿತು. ಬೋನಸ್ಸೇ 6.6 ಕೋಟಿ. ಆ ವರ್ಷದ ಸಂಬಳ 90 ಲಕ್ಷ. ಎರಡೂ ಸೇರಿ ಮೊದಲ ವರ್ಷ ಅವನ ಕೈಸೇರಿದ್ದು 7.5 ಕೋಟಿ. ಲೆಕ್ಕಕ್ಕೆ ಬಿದ್ದದ್ದು? ಬೋನಸ್ಸನ್ನು ಐದರಿಂದ ಭಾಗಿಸಿದರೆ 1.32 ಕೋಟಿ, ಜೊತೆಗೆ 90 ಲಕ್ಷ, ಒಟ್ಟು 2.22 ಕೋಟಿ. ಹೆಚ್ಚು ಕೊಟ್ಟು ಹೊರೆ ಇಳಿಸಿಕೊಂಡರು. ಮಿತಿ ಇಳಿದ ವರ್ಷವೇ ಲೀಗ್‌ನ ಅತಿ ದೊಡ್ಡ ಕರಾರುಗಳಲ್ಲಿ ಒಂದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಇದೇ ಉತ್ತರ.

ಹೊಸ ಕರಾರು ಬೇಕೆಂದೂ ಇಲ್ಲ. ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡ ಪ್ಯಾಟ್ರಿಕ್ ಮಹೋಮ್ಸ್‌ಗೆ ಆ ವರ್ಷ ಕೊಡಬೇಕಿದ್ದ ಸುಮಾರು 2.17 ಕೋಟಿ ಡಾಲರ್‌ಗೆ ಸಹಿ ಬೋನಸ್ ಎಂದು ಹೆಸರು ಬದಲಿಸಿತು. ಮಹೋಮ್ಸ್‌ಗೆ ಒಂದು ಡಾಲರೂ ಕಡಿಮೆಯಾಗಲಿಲ್ಲ. ತಂಡದ ಲೆಕ್ಕದಲ್ಲಿ ಸುಮಾರು 1.7 ಕೋಟಿ ಜಾಗವಾಯಿತು.

3. ಟ್ರೇಡ್ ಸುದ್ದಿ ಬಂದರೆ ಉಳಿದ ಬೋನಸ್ ಎಷ್ಟು ಎಂದು ಕೇಳಿ

ಹಂಚಿಟ್ಟ ಬೋನಸ್ ಸಾಲದಂತೆ ಹಿಂದೆಯೇ ಬರುತ್ತದೆ. ಆಟಗಾರನನ್ನು ಟ್ರೇಡ್ ಮಾಡಿದರೂ ಕೈಬಿಟ್ಟರೂ, ಉಳಿದ ಕಂತುಗಳೆಲ್ಲ ಹಳೆಯ ತಂಡದ ಲೆಕ್ಕಕ್ಕೆ ಒಟ್ಟಿಗೆ ಬಂದು ಬೀಳುತ್ತವೆ. ಇದು ಡೆಡ್ ಮನಿ. ಕೊಂಡ ತಂಡ ಹೊರುವುದು ಮುಂದಿನ ಸಂಬಳವನ್ನು ಮಾತ್ರ.

ಒಬ್ಬ ಆಟಗಾರನಿಗೆ ಐದು ವರ್ಷಕ್ಕೆ 2 ಕೋಟಿ ಬೋನಸ್ ಕೊಟ್ಟಿದ್ದೀರಿ ಎಂದುಕೊಳ್ಳಿ. ವರ್ಷಕ್ಕೆ 40 ಲಕ್ಷದ ಕಂತು. ಎರಡು ವರ್ಷ ಮುಗಿದಿದೆ, ಮೂರನೇ ವರ್ಷದ ಸಂಬಳ 1 ಕೋಟಿ. ಇಟ್ಟುಕೊಂಡರೆ ಹೊರೆ 1.4 ಕೋಟಿ. ಬಿಟ್ಟರೆ ಉಳಿದ ಮೂರು ಕಂತು, 1.2 ಕೋಟಿ, ಈಗಲೇ ಬೀಳುತ್ತದೆ. ಉಳಿತಾಯ ಬರೀ 20 ಲಕ್ಷ. ಜೂನ್ 1 ಕಳೆದ ಮೇಲೆ ಬಿಟ್ಟರೆ ಒಂದು ಕಂತು ಈ ವರ್ಷಕ್ಕೆ, ಮಿಕ್ಕ ಎರಡು ಮುಂದಿನ ವರ್ಷಕ್ಕೆ. ಆಗ ಉಳಿತಾಯ 1 ಕೋಟಿ. ಜೂನ್ ತಿಂಗಳ ಸುದ್ದಿಗಳನ್ನು ನೋಡುವಾಗ ಈ ತಾರೀಕು ನೆನಪಿರಲಿ.

2021ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್‌ನನ್ನು ಇಂಡಿಯಾನಾಪೊಲಿಸ್‌ಗೆ ಕಳಿಸಿದಾಗ ಬಿದ್ದ ಡೆಡ್ ಮನಿ ಸುಮಾರು 3.38 ಕೋಟಿ ಡಾಲರ್, ಅಲ್ಲಿಯವರೆಗಿನ ದಾಖಲೆ. ಇಡೀ ಮಿತಿಯ ಐದನೇ ಒಂದು ಪಾಲಿಗೆ ಹತ್ತಿರದಷ್ಟು ಹಣ, ತಂಡದಲ್ಲೇ ಇಲ್ಲದವನಿಗೆ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಜೇರೆಡ್ ಗಾಫ್‌ನನ್ನು ಬಿಟ್ಟು ಡೆಟ್ರಾಯಿಟ್‌ನಿಂದ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ತರಲು 2.22 ಕೋಟಿ ಡೆಡ್ ಮನಿ ನುಂಗಿತು. ಜೊತೆಗೆ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವಲ್ಲಿ, ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಒಂದು ಮೂರನೇ ಸುತ್ತಿನದನ್ನೂ ಕೊಟ್ಟಿತು. ಮಿತಿ ಇಳಿದಿದೆ ಎಂದು ಯಾರೂ ಟ್ರೇಡ್ ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಿ. ಮರು ವರ್ಷ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ರ‍್ಯಾಮ್ಸ್ ತನ್ನ ನಿರ್ಧಾರಕ್ಕೆ ಪಶ್ಚಾತ್ತಾಪ ಪಡುವ ಪ್ರಸಂಗ ಬರಲಿಲ್ಲ.

ಮಿತಿ ಇಳಿದ ವರ್ಷ ಬಲ ಇರುವುದು ಕೊಳ್ಳುವವನ ಕೈಯಲ್ಲಿ. ಶಿಕಾಗೊ ಬೇರ್ಸ್‌ಗೆ ಕಾರ್ನರ್‌ಬ್ಯಾಕ್ ಕೈಲ್ ಫುಲ್ಲರ್‌ನ 2 ಕೋಟಿಯ ಹೊರೆ ತಡೆಯಲಾಗಲಿಲ್ಲ. ಇವರು ಹೇಗೂ ಬಿಡಲೇಬೇಕು ಎಂದು ಲೀಗ್‌ಗೆಲ್ಲ ಗೊತ್ತಿರುವಾಗ ಡ್ರಾಫ್ಟ್ ಆಯ್ಕೆ ಕೊಟ್ಟು ಕೊಳ್ಳುವವರು ಯಾರು? ಬೇರ್ಸ್ ಬರಿಗೈಲಿ ಬಿಟ್ಟಿತು. ಡೆನ್ವರ್ ಅವನನ್ನು ಒಂದು ವರ್ಷಕ್ಕೆ 95 ಲಕ್ಷಕ್ಕೆ ಸೇರಿಸಿಕೊಂಡಿತು.

4. ಫ್ರೀ ಏಜೆಂಟ್‌ಗಳಲ್ಲಿ ನಡುವಿನವರನ್ನು ನೋಡಿ

ತಾರೆಯರಿಗೆ ಬಾಧೆಯಿಲ್ಲ ಎಂಬುದು ಮೇಲೆಯೇ ಕಂಡಿತು. ಕೆಳಗಿನ ಹುಡುಗರು ಕನಿಷ್ಠ ಸಂಬಳದವರು, ಅವರನ್ನು ಇಟ್ಟುಕೊಳ್ಳುವುದು ಅಗ್ಗ. ಪೆಟ್ಟು ತಿನ್ನುವುದು ಆರೇಳು ವರ್ಷ ಆಡಿ, ಮೈ ಸವೆಸಿ, ಈಗಷ್ಟೇ ಒಳ್ಳೆಯ ಸಂಬಳದ ಮೆಟ್ಟಿಲು ಹತ್ತಿದವರು. ಇಲ್ಲಿ ವೃತ್ತಿ ಬಹಳ ಚಿಕ್ಕದು, ಒಂದು ವರ್ಷ ಹೋದರೆ ಮತ್ತೆ ಬರುವುದಿಲ್ಲ. ಹಾಗಾಗಿ ನನಗೆ ಈ ವಿಷಯದಲ್ಲಿ ನೋವಾಗುವುದು ಇವರನ್ನು ನೋಡಿದಾಗ.

ಚೀಫ್ಸ್ ತಂಡ ಮಹೋಮ್ಸ್‌ನ ಹಣಕ್ಕೆ ಹೆಸರು ಬದಲಿಸಿದ ದಿನಗಳಲ್ಲೇ, ವರ್ಷಗಟ್ಟಲೆ ಅವನ ಮುಂದೆ ಗೋಡೆಯಾಗಿ ನಿಂತಿದ್ದ ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಜ್ ಇಬ್ಬರನ್ನೂ ಕೈಬಿಟ್ಟಿತು. ಇಬ್ಬರೂ ಗಾಯಾಳುಗಳು. ಫಿಶರ್ ಒಂದು ವರ್ಷದ ಕರಾರಿಗೆ ಇಂಡಿಯಾನಾಪೊಲಿಸ್ ಸೇರಿದ. ಶ್ವಾರ್ಟ್ಜ್ ಮತ್ತೆ ಆಡಲೇ ಇಲ್ಲ.

ಎಸೆದ ಚೆಂಡು ಹಿಡಿದು ಓಡುವ ರಿಸೀವರ್, 24 ವರ್ಷದ ಜೂಜು ಸ್ಮಿತ್-ಶುಸ್ಟರ್ 2018ರಲ್ಲಿ 1,426 ಗಜ ಕೂಡಿಸಿದ್ದವನು. ಮಾಮೂಲಿ ವರ್ಷವಾಗಿದ್ದರೆ ಅವನ ವಯಸ್ಸಿಗೆ ಉದ್ದದ ಕರಾರು ಸಿಗಬೇಕಿತ್ತು. ಸಿಕ್ಕಿದ್ದು ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನಲ್ಲೇ ಒಂದು ವರ್ಷಕ್ಕೆ 80 ಲಕ್ಷ. ಅದರಲ್ಲೂ 70 ಲಕ್ಷ ಬೋನಸ್, ಬಾಲಕ್ಕೆ ನಾಲ್ಕು ವಾಯ್ಡ್ ವರ್ಷ. ಆ ವರ್ಷದ ಲೆಕ್ಕಕ್ಕೆ ಬಿದ್ದದ್ದು ಸುಮಾರು 24 ಲಕ್ಷ. ಉಳಿದ 56 ಲಕ್ಷ, ಅವನು ಚೀಫ್ಸ್ ಸೇರಿಯಾದ ಮೇಲೆ, 2022ರ ಸ್ಟೀಲರ್ಸ್ ಲೆಕ್ಕದಲ್ಲಿ ಕೂತಿತು.

ಇಂಥ ವರ್ಷ ಯಾರ ಹತ್ತಿರ ಜಾಗ ಖಾಲಿ ಇದೆಯೋ ಅವರದೇ ಸಂತೆ. 2020ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಹೋದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಬಿಟ್ಟುಹೋದ ಬಾಕಿಯನ್ನು ಅದೇ ವರ್ಷ ತೀರಿಸಿಕೊಂಡಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಬಾಗಿಲು ತೆರೆಯುತ್ತಿದ್ದಂತೆ ಕೊಳ್ಳಲು ಇಳಿಯಿತು. ಟೈಟ್ ಎಂಡ್ ಜಾಗಕ್ಕೇ ಇಬ್ಬರು: ಜಾನು ಸ್ಮಿತ್‌ಗೆ ನಾಲ್ಕು ವರ್ಷಕ್ಕೆ 5 ಕೋಟಿ, ಹಂಟರ್ ಹೆನ್ರಿಗೆ ಮೂರು ವರ್ಷಕ್ಕೆ 3.75 ಕೋಟಿ.

5. ಬಿಲ್ಲು ಯಾವ ವರ್ಷ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ

ಕಂತು ಮುಂದಕ್ಕೆ ತಳ್ಳಿದ ತಂಡಗಳೆಲ್ಲ ಮಿತಿ ಮತ್ತೆ ಏರುತ್ತದೆ ಎಂದು ಪಣ ಕಟ್ಟಿದ್ದವು. ಆ ಪಣಕ್ಕೆ ಆಧಾರವಿತ್ತು: 2021ರ ಮಾರ್ಚ್‌ನಲ್ಲೇ ಲೀಗ್ ಹೊಸ ಟಿವಿ ಒಪ್ಪಂದಗಳನ್ನು ಪ್ರಕಟಿಸಿತು. ಹನ್ನೊಂದು ವರ್ಷಕ್ಕೆ 10,000 ಕೋಟಿ ಡಾಲರ್‌ಗೂ ಮಿಗಿಲು. ಮಿತಿ 2022ರಲ್ಲಿ 20.82 ಕೋಟಿಗೆ, 2023ರಲ್ಲಿ 22.48 ಕೋಟಿಗೆ, 2024ರಲ್ಲಿ 25.54 ಕೋಟಿಗೆ ಏರಿತು.

ಸುಮಾರು 10 ಕೋಟಿ ಡಾಲರ್ ಮಿತಿಮೀರಿ ನಿಂತಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ, ನಿವೃತ್ತಿಗೆ ಮುಂಚೆ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ತನ್ನ 2.5 ಕೋಟಿ ಸಂಬಳವನ್ನು ಕನಿಷ್ಠ ಮಟ್ಟದ 10.75 ಲಕ್ಷಕ್ಕೆ ಇಳಿಸಿಕೊಟ್ಟ. ಇಂಥ ಔದಾರ್ಯವನ್ನು ಎಲ್ಲ ತಂಡಗಳೂ ನಿರೀಕ್ಷಿಸುವಂತಿಲ್ಲ.

ಟ್ಯಾಂಪಾ ಬೇ ಬಕನೀರ್ಸ್ ತಂಡದ್ದು ಹೆಚ್ಚು ಕಲಿಸುವ ಕಥೆ. 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡ, ಮಿತಿ ಇಳಿದ ವರ್ಷದಲ್ಲೇ, ತನ್ನ 22 ಮುಖ್ಯ ಆಟಗಾರರನ್ನೂ ಉಳಿಸಿಕೊಂಡಿತು. ಬ್ರೇಡಿಯ ಕರಾರಿಗೆ ವಾಯ್ಡ್ ವರ್ಷ ಸೇರಿಸಿಯೇ ಸುಮಾರು 1.9 ಕೋಟಿ ಡಾಲರ್ ಜಾಗ ಮಾಡಿಕೊಂಡಿತು. ಕಂತುಗಳು ಮುಂದೆ ಹೋಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಬ್ರೇಡಿ ನಿವೃತ್ತನಾದ. ಆ ವರ್ಷ ಅವನೊಬ್ಬನ ಹೆಸರಿನಲ್ಲೇ ಸುಮಾರು 3.5 ಕೋಟಿ ಡೆಡ್ ಮನಿ ಬಿತ್ತು. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಕೊಡಲು ಹಣ ಉಳಿದಿರಲಿಲ್ಲ. ತಂಡಗಳು ಕೈಚೆಲ್ಲಿದ್ದ ಬೇಕರ್ ಮೇಫೀಲ್ಡ್ ಒಂದು ವರ್ಷಕ್ಕೆ 40 ಲಕ್ಷ ಡಾಲರ್ ಖಾತರಿಗೆ ಒಪ್ಪಿಕೊಂಡು ಬಂದ, ತಂಡವನ್ನು ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಒಯ್ದ. ಮರು ವರ್ಷದ ಮಾರ್ಚ್‌ನಲ್ಲಿ ಅದೇ ತಂಡ ಅವನಿಗೆ ಮೂರು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟಿತು.